ಐಪಾಡ್‌ಗೂ ಅಪ್ಪಯ್ಯನ ಡಬ್ಬಿಗೂ ಒಂದೇ ಸಂಗ್ರಹ

ಹಾಡು ಇಡುವ ಜಾಗವನ್ನೂ ಹಾಡು ಕೇಳುವ ಸಾಧನವನ್ನೂ ಒಂದೇ ಸಾಫ್ಟ್‌ವೇರ್ ಕೈಗೆ ಕೊಡಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಶಿರಸಿಯ ನಮ್ಮ ಮನೆಯಲ್ಲಿ ಇರೋದು ಒಂದೇ ಕಂಪ್ಯೂಟರ್, ಆದರೆ ಅದರೊಳಗಿನ ಸಂಗ್ರಹ ಹೋಗಬೇಕಾದ್ದು ನಾಲ್ಕು ಕಡೆಗೆ: ನನ್ನ ಹಳೇ ಐಪಾಡ್ ಕ್ಲಾಸಿಕ್, ಫೋನು, ಕಾರಿನ ಪೆನ್‌ಡ್ರೈವ್, ಮತ್ತೆ ಅಡಿಕೆ ಸುಲಿಯುವಾಗ ಅಪ್ಪಯ್ಯ ಪಕ್ಕದಲ್ಲಿಟ್ಟುಕೊಳ್ಳುವ, ಮೆಮೊರಿ ಕಾರ್ಡ್ ಹಾಕುವ ಸ್ಪೀಕರ್ ಡಬ್ಬಿ. ನಾಲ್ಕಕ್ಕೂ ನಾಲ್ಕು ಸ್ವಭಾವ.

ಸಂಗ್ರಹದಲ್ಲಿ ಸಿನಿಮಾ ಹಾಡು, ಹಿಂದೂಸ್ತಾನಿ ಎಲ್ಲ ಇದೆ. ಅವು ಹೋದರೆ ಮತ್ತೆ ಸಿಗುತ್ತವೆ. ಸಿಗದೇ ಇರೋದು ಕ್ಯಾಸೆಟ್‌ನಿಂದ ಇಳಿಸಿಕೊಂಡ ಯಕ್ಷಗಾನ ಮತ್ತು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ). ನೆಬ್ಬೂರು ನಾರಾಯಣ ಭಾಗವತರು, ಕಡತೋಕ ಮಂಜುನಾಥ ಭಾಗವತರು ಹಾಡಿದ ಪದಗಳು, ಯಾರದೋ ಮನೆ ಅಂಗಳದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದವು. ಅಂಗಡಿಯಲ್ಲಿ ಕೇಳಿದರೆ ಎಲ್ಲಿ ಸಿಗಬೇಕು? ಹಾಗಾಗಿ ಮೂಲ ಪ್ರತಿಯನ್ನು ಫ್ಲ್ಯಾಕ್ ಅನ್ನುವ ಫೈಲ್ ರೂಪದಲ್ಲಿ, ಸಾದಾ ಫೋಲ್ಡರ್‌ಗಳಲ್ಲಿ ಇಡುತ್ತೇನೆ. ಧ್ವನಿಯಲ್ಲಿ ಏನೂ ಕಳೆದುಹೋಗುವುದಿಲ್ಲ, ಮತ್ತೆ ಯಾವ ಕಂಪ್ಯೂಟರ್‌ನಲ್ಲಿ ಬೇಕಾದರೂ ತೆರೆಯಬಹುದು. ಆ ಫೋಲ್ಡರ್‌ಗೆ ಯಾವ ಪ್ಲೇಯರ್‌ನ ಸಾಫ್ಟ್‌ವೇರೂ ಕೈ ಹಾಕುವಂತಿಲ್ಲ. ಪ್ರತಿ ಪ್ಲೇಯರ್‌ಗೂ ಪಕ್ಕದಲ್ಲಿ ಒಂದೊಂದು ಫೋಲ್ಡರ್, ಅದಕ್ಕೆ ಅರ್ಥವಾಗುವ ರೂಪಕ್ಕೆ ಬದಲಿಸಿದ ಪ್ರತಿಗಳು. ಸಿಂಕ್ ಆಗೋದು ಅಲ್ಲಿಂದ ಹೊರಗೆ ಮಾತ್ರ, ವಾಪಸ್ ಏನೂ ಬರುವುದಿಲ್ಲ.

ಐಪಾಡ್ ವಿಷಯ ತಗೊಳ್ಳಿ. ಅದು 2001ರಲ್ಲಿ ಬಂತು, ಕ್ಲಾಸಿಕ್ ಮಾದರಿ 2014ರಲ್ಲಿ ನಿಂತಿತು, 2022ರ ಮೇ ತಿಂಗಳಲ್ಲಿ ಇಡೀ ಐಪಾಡ್ ಸಾಲಿಗೇ ತೆರೆ ಬಿತ್ತು. ನನ್ನದು ಇನ್ನೂ ಚೆನ್ನಾಗಿ ಹಾಡುತ್ತದೆ. ಆದರೆ ಅದಕ್ಕೆ ಸುಮ್ನೆ ಫೈಲ್ ಕಾಪಿ ಮಾಡಿದರೆ ಹಾಡು ಕಾಣಿಸುವುದಿಲ್ಲ. ಒಳಗೆ ಒಂದು ಡೇಟಾಬೇಸ್ ಇದೆ, ಅದರಲ್ಲಿ ಬರೆದದ್ದನ್ನು ಮಾತ್ರ ಅದು ನಂಬುತ್ತದೆ. ಬರೆಯೋದು ಆಪಲ್ ಕಂಪನಿಯ ಐಟ್ಯೂನ್ಸ್, ಅಥವಾ ಅದೇ ಕೆಲಸ ಮಾಡುವ ರಿದಮ್‌ಬಾಕ್ಸ್‌ನಂಥ ಬೇರೆ ಸಾಫ್ಟ್‌ವೇರ್. ಫೈಲುಗಳು ನಾಲ್ಕಕ್ಷರದ ಅಡ್ಡಾದಿಡ್ಡಿ ಹೆಸರಿನಲ್ಲಿ ಎಫ್00, ಎಫ್01 ಅಂತ ಇರುವ ಅಡಗಿಸಿಟ್ಟ ಫೋಲ್ಡರ್‌ಗಳಲ್ಲಿ ಚದುರಿಕೊಂಡಿರುತ್ತವೆ. ಫ್ಲ್ಯಾಕ್ ಅಂತೂ ಅದಕ್ಕೆ ಬರುವುದೇ ಇಲ್ಲ, ಎಎಸಿ ಇಲ್ಲವೇ ಎಂಪಿ3 ಮಾಡಿ ಕೊಡಬೇಕು. ಇನ್ನೊಂದು, ಆಟೋಮ್ಯಾಟಿಕ್ ಸಿಂಕ್ ಇಟ್ಟಿದ್ದರೆ ಅದು ಒಂದೇ ಕಂಪ್ಯೂಟರಿನ ಸಂಗ್ರಹಕ್ಕೆ ಕಟ್ಟುಬಿದ್ದಿರುತ್ತದೆ. ತಂಗಿಯ ಕಂಪ್ಯೂಟರಿಗೆ ಚುಚ್ಚಿದರೆ ಎಲ್ಲ ಅಳಿಸಿ ಹೊಸದಾಗಿ ತುಂಬಲಾ ಅಂತ ಕೇಳುತ್ತದೆ. ಹಾಡುಗಳನ್ನು ಕೈಯಾರೆ ನಿರ್ವಹಿಸುವ ಆಯ್ಕೆಗೆ ಟಿಕ್ ಹಾಕಿಟ್ಟರೆ ಈ ಭಯ ಇಲ್ಲ.

ಇಷ್ಟಾದರೂ ಐಪಾಡ್‌ನಲ್ಲಿ ಒಂದು ಗುಣ ನನಗೆ ತುಂಬಾ ಇಷ್ಟ. ಐಟ್ಯೂನ್ಸ್‌ನಲ್ಲಿ ಆ ಫೈಲಿಗೆ ಒಂದು ಟಿಕ್ ಹಾಕಿದರೆ ಸಾಕು, ತಾಳಮದ್ದಳೆ ಎಲ್ಲಿ ನಿಲ್ಲಿಸಿದೆವೋ ಅಲ್ಲಿಂದಲೇ ಮುಂದುವರಿಯುತ್ತದೆ. ನಾಲ್ಕು ತಾಸಿನ ಪ್ರಸಂಗ ಕೇಳುವವರಿಗೆ ಇದರ ಬೆಲೆ ಗೊತ್ತು.

ಅಪ್ಪಯ್ಯನ ಡಬ್ಬಿಗೆ ಆ ನೆನಪು ಇಲ್ಲ. ಸ್ವಿಚ್ ಆಫ್ ಮಾಡಿ ಊಟಕ್ಕೆ ಹೋಗಿ ಬಂದರೆ ಅದೇ ಫೈಲು ಮತ್ತೆ ಸೊನ್ನೆಯಿಂದ. 'ಇದು ಮತ್ತೆ ಮೊದ್ಲಿಂದ ಶುರು ಆತಲೋ ತಮಾ' ಅಂತ ಅಲ್ಲಿಂದಲೇ ಕೂಗುತ್ತಿದ್ದರು. ಅದಕ್ಕೆ ಪ್ರಸಂಗವನ್ನು ಇಪ್ಪತ್ತು ಇಪ್ಪತ್ತು ನಿಮಿಷದ ತುಂಡು ಮಾಡಿ ಹಾಕುತ್ತೇನೆ. ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಎಂಪಿ3ಯನ್ನು ಮತ್ತೆ ಎನ್‌ಕೋಡ್ ಮಾಡದೆ ಹಾಗೇ ಕತ್ತರಿಸಬಹುದು, ಧ್ವನಿ ಕೆಡುವುದಿಲ್ಲ. ಕ್ಯಾಸೆಟ್ಟಿನ ಮಾತಿಗೆ ಮೊನೊ, 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಧಾರಾಳ ಸಾಕು. ನಾಲ್ಕು ತಾಸು ಅಂದರೆ ಸುಮಾರು 115 ಎಂಬಿ. 16 ಜಿಬಿ ಕಾರ್ಡ್‌ನಲ್ಲಿ ಐನೂರು ತಾಸಿಗಿಂತ ಜಾಸ್ತಿ ಹಿಡಿಯುತ್ತದೆ, ಒಂದು ಅಡಿಕೆ ಸೀಸನ್‌ಗೆ ಬೇಕಾದಷ್ಟಾಯಿತು.

ನಿಜವಾದ ತೊಡಕು ಇರೋದು ಕ್ರಮದಲ್ಲಿ. ಇಂಥ ಅಗ್ಗದ ಪ್ಲೇಯರ್‌ಗಳು ಬಹಳಷ್ಟು ಫೈಲಿನ ಹೆಸರು ನೋಡಿ ಜೋಡಿಸುವುದಿಲ್ಲ. ಕಾರ್ಡಿನಲ್ಲಿ ಫೈಲು ಜೋಡಿಸಿಡುವ ಫ್ಯಾಟ್32 ಅನ್ನುವ ವ್ಯವಸ್ಥೆಯ ಪಟ್ಟಿಯಲ್ಲಿ ಯಾವುದು ಮೊದಲು ದಾಖಲಾಗಿದೆಯೋ ಅದನ್ನು ಮೊದಲು ಹಾಡುತ್ತವೆ, ಅಂದರೆ ನಾವು ಕಾಪಿ ಮಾಡಿದ ಕ್ರಮದಲ್ಲಿ. ವಿಂಡೋಸ್‌ನಲ್ಲಿ ಎಲ್ಲ ಫೈಲು ಆರಿಸಿ ಎಳೆದು ಹಾಕುವಾಗ ಮೌಸ್‌ನಲ್ಲಿ ಹಿಡಿದ ಫೈಲೇ ಮೊದಲು ಹೋಗುವುದುಂಟು. ಒಂದನ್ನು ಅಳಿಸಿ ಇನ್ನೊಂದು ಹಾಕಿದರೆ ಹೊಸದು ಹಳೆಯದರ ಖಾಲಿ ಜಾಗದಲ್ಲಿ ಹೋಗಿ ಕೂರುತ್ತದೆ. ಹಾಡಾದರೆ ಹಿಂದೆಮುಂದಾದರೂ ನಡೆಯುತ್ತದೆ, ತಾಳಮದ್ದಳೆಯಲ್ಲಿ ಕರ್ಣನ ಉತ್ತರ ಮೊದಲು, ಕೃಷ್ಣನ ಪ್ರಶ್ನೆ ಆಮೇಲೆ ಬಂದರೆ ಕೇಳುವುದು ಹೇಗೆ? ಫ್ಯಾಟ್‌ಸಾರ್ಟ್ ಅಂತ ಒಂದು ಪುಟ್ಟ ಲಿನಕ್ಸ್ ಸಾಫ್ಟ್‌ವೇರ್ ಇದೆ. ಕಾಪಿ ಎಲ್ಲ ಮುಗಿದ ಮೇಲೆ ಕಾರ್ಡನ್ನು ಅನ್‌ಮೌಂಟ್ ಮಾಡಿ (ಹೊರಗೆ ತೆಗೆಯದೆ, ಕಂಪ್ಯೂಟರಿನ ಬಳಕೆಯಿಂದ ಮಾತ್ರ ಬಿಡಿಸಿ) ಅದನ್ನು ಓಡಿಸಿದರೆ ಪಟ್ಟಿ ಹೆಸರಿನ ಪ್ರಕಾರ ಜೋಡಣೆಯಾಗುತ್ತದೆ. ಫೈಲಿನ ಹೆಸರನ್ನು 001, 002 ಅಂತ ಸೊನ್ನೆ ಸೇರಿಸಿಯೇ ಶುರು ಮಾಡಬೇಕು, ಇಲ್ಲವಾದರೆ 2ಕ್ಕಿಂತ ಮುಂಚೆ 10 ಬಂದು ನಿಲ್ಲುತ್ತದೆ.

ಆ ಡಬ್ಬಿಯ ಪರದೆಯಲ್ಲಿ ಕೆಂಪು ಅಂಕಿ ಮಾತ್ರ ಕಾಣೋದು. ಆದ್ದರಿಂದ 1ರಿಂದ 12 ಒಂದು ಪ್ರಸಂಗ, 13ರಿಂದ 24 ಇನ್ನೊಂದು ಅಂತ ಬರೆದ ಚೀಟಿಯನ್ನು ಅದರ ಬೆನ್ನಿಗೆ ಅಂಟಿಸಿದ್ದೇನೆ. ಅಪ್ಪಯ್ಯ ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಇವತ್ತು ಎಲ್ಲಿಗೆ ನಿಂತಿತು ಅಂತ.

ಫೋನಿನದ್ದು ಬೇರೆ ಕಥೆ. ಆಂಡ್ರಾಯ್ಡ್ ಫೋನು ಕೇಬಲ್‌ನಲ್ಲಿ ಎಂಟಿಪಿ ಅನ್ನುವ ವಿಧಾನದ ಮೂಲಕ ಮಾತಾಡುತ್ತದೆ. ಕಂಪ್ಯೂಟರ್‌ಗೆ ಅದರ ಡಿಸ್ಕ್ ನೇರವಾಗಿ ಸಿಗುವುದಿಲ್ಲ, ಒಂದೊಂದು ಫೈಲನ್ನೂ ಫೋನಿಗೆ ಹೇಳಿ ಇಡಿಸಬೇಕು. ಸಾವಿರಗಟ್ಟಲೆ ಹಾಡು ಇದ್ದರೆ ಇದು ತಾಳ್ಮೆ ಕೆಡಿಸುತ್ತದೆ. ನಾನು ಫೋನಿನ ಮೆಮೊರಿ ಕಾರ್ಡನ್ನೇ ತೆಗೆದು ಕಾರ್ಡ್ ರೀಡರ್‌ಗೆ ಹಾಕಿ ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಸಾಫ್ಟ್‌ವೇರ್ ಓಡಿಸುತ್ತೇನೆ. ಬದಲಾದದ್ದು ಮಾತ್ರ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ, ಅರ್ಧಕ್ಕೆ ನಿಂತರೂ ಮತ್ತೆ ಓಡಿಸಿದಾಗ ಆಗಲೇ ಹೋದ ಫೈಲುಗಳನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಫ್ಯಾಟ್32 ಕಾರ್ಡ್ ಆದರೆ ಒಂದು ಎಚ್ಚರಿಕೆ: ಅದು ಫೈಲು ಬದಲಾದ ಸಮಯವನ್ನು ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ಬರೆದಿಡುತ್ತದೆ. ಹಾಗಾಗಿ ಆರ್‌ಸಿಂಕ್‌ಗೆ ಎಷ್ಟೋ ಫೈಲು ಬದಲಾದಂತೆ ಕಂಡು ಮತ್ತೆ ಕಾಪಿ ಶುರು ಮಾಡುತ್ತದೆ. ಮಾಡಿಫೈ-ವಿಂಡೋ ಅನ್ನುವ ಆಯ್ಕೆಗೆ 1 ಕೊಟ್ಟರೆ ಸುಮ್ಮನಾಗುತ್ತದೆ. ಡಿಲೀಟ್ ಆಯ್ಕೆ ಬಳಸುವ ಮೊದಲು ಡ್ರೈ-ರನ್ (ನಿಜವಾಗಿ ಮಾಡದೆ ಬರೀ ತೋರಿಸುವ ಓಟ) ಮಾಡಿ ಏನೇನು ಅಳಿಯುತ್ತದೆ ಅಂತ ನೋಡಿಕೊಳ್ಳಿ.

ಇನ್ನು ಟ್ಯಾಗ್, ಅಂದರೆ ಶೀರ್ಷಿಕೆ, ಕಲಾವಿದ ಇತ್ಯಾದಿ ವಿವರವನ್ನು ಫೈಲಿನೊಳಗೇ ಬರೆದಿಡೋದು. ಸಂಗ್ರಹದ ಜೀವ ಇರೋದೇ ಇಲ್ಲಿ, ಯಾಕೆಂದರೆ ಫೈಲು ಎಲ್ಲಿಗೆ ಹೋದರೂ ಇದು ಜೊತೆಗೇ ಹೋಗುತ್ತದೆ. ಐಪಾಡ್‌ನೊಳಗೆ ಹೆಸರು ಕಳೆದುಕೊಂಡ ಫೈಲನ್ನೂ ಟ್ಯಾಗ್ ನೋಡಿ ಗುರುತಿಸಬಹುದು. ಎಂಪಿ3ಯ ಟ್ಯಾಗ್ ಪದ್ಧತಿಯಾದ ಐಡಿ3ಯ ಹಳೇ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ ಬರೀ 30 ಬೈಟ್ ಜಾಗ, ಕನ್ನಡಕ್ಕೆ ಅದು ಆಗಿಬರುವುದಿಲ್ಲ. ಎರಡು ಪಾಯಿಂಟ್ ಮೂರನೇ ಆವೃತ್ತಿಯಲ್ಲಿ ಕನ್ನಡ ಅಕ್ಷರ ಹಿಡಿಯುವ ಯುಟಿಎಫ್-16 ರೂಪದಲ್ಲಿ ಉಳಿಸಿದರೆ ಫೋನೂ ಓದುತ್ತದೆ, ಐಪಾಡ್‌ಗಾಗಿ ಐಟ್ಯೂನ್ಸೂ ಓದುತ್ತದೆ. ಆದರೆ ಕಾರಿನ ಪ್ಲೇಯರ್‌ನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತದೆ, ಆ ಫೋಲ್ಡರ್‌ಗೆ ಮಾತ್ರ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೇನೆ.

ಕಲಾವಿದ ಅನ್ನುವ ಖಾನೆಯಲ್ಲಿ ಯಾರ ಹೆಸರು ಬರೆಯೋದು? ಆಲ್ಬಮ್, ಗಾಯಕ ಅಂತ ಮಾಡಿದ ಖಾನೆಗಳು ತಾಳಮದ್ದಳೆಗೆ ಹೊಂದುವುದಿಲ್ಲ, ಅಲ್ವಾ? ಅಲ್ಲಿ ಭಾಗವತರು ಇದ್ದಾರೆ, ಪಾತ್ರದ ಮಾತಾಡುವ ನಾಲ್ಕೈದು ಅರ್ಥಧಾರಿಗಳು ಇದ್ದಾರೆ, ಮದ್ದಳೆಯವರು ಇದ್ದಾರೆ. ನಾನು ಪ್ರಸಂಗವನ್ನು ಆಲ್ಬಮ್ ಮಾಡಿ, ಭಾಗವತರನ್ನು ಕಲಾವಿದರ ಖಾನೆಗೆ ಹಾಕಿ, ಯಾರದು ಯಾವ ಪಾತ್ರ, ಮದ್ದಳೆ ಯಾರದು, ಯಾವ ಊರು, ಯಾವ ವರ್ಷ ಎಲ್ಲವನ್ನೂ ಕಮೆಂಟ್ ಖಾನೆಯಲ್ಲಿ ಬರೆಯುತ್ತೇನೆ. ಕ್ಯಾಸೆಟ್ ಕವರಿನ ಮೇಲೆ ಶಾಯಿ ಮಾಸಿದ್ದರೆ ಅಪ್ಪಯ್ಯನಿಗೆ ಐದು ನಿಮಿಷ ಕೇಳಿಸಿದರಾಯಿತು, ದನಿ ಯಾರದೆಂದು ಹೇಳಿಬಿಡುತ್ತಾರೆ. ಹಾಗೆ ಹೇಳಬಲ್ಲವರು ಇರುವಾಗಲೇ ಆ ಖಾನೆ ತುಂಬಿಸಬೇಕು ಅಂತ ಈ ಮಳೆಗಾಲದಲ್ಲಿ ಉಳಿದ ಕೆಲಸ ಬದಿಗಿಟ್ಟು ಅದನ್ನೇ ಮಾಡುತ್ತಿದ್ದೇನೆ.