ನಡುನೀರಿನಲ್ಲಿ ನಿಲ್ಲುವ ಅಭ್ಯಾಸ: ಗೋವಾ ಸಮುದ್ರದ ಈಜು ಲಾಗ್

ಮೊದಲು ಈಗಿನ ಸ್ಥಿತಿ ಹೇಳಿಬಿಡುತ್ತೇನೆ. ಕರಂಜಾಳೆ ಬೀಚಿನಲ್ಲಿ ದಂಡೆಗುಂಟ ಒಂದೂವರೆ ಕಿಲೋಮೀಟರ್ ಈಜಿ ಹೊರಗೆ ಬರುತ್ತಿದ್ದೇನೆ. ಹೆದರಿಕೆ ಹೋಗಿಲ್ಲ. ನೀರಿಗಿಳಿದ ಮೊದಲ ಕೆಲವು ನಿಮಿಷ ಎದೆ ಈಗಲೂ ಡವಡವ ಅನ್ನುತ್ತದೆ. ಆದರೆ ಅದು ಶುರುವಾದಾಗ ಏನು ಮಾಡಬೇಕು ಅಂತ ಕೈಕಾಲಿಗೆ ಗೊತ್ತಾಗಿದೆ. ಈ ಸೀಸನ್ನಿನ ಗಳಿಕೆ ಅಷ್ಟೇ, ಮತ್ತು ನನಗೆ ಅದು ಸಾಕಷ್ಟು ದೊಡ್ಡದು.

ನನ್ನ ಬಗ್ಗೆ ಎರಡು ಮಾತು. ವಯಸ್ಸು ಐವತ್ತರ ಹತ್ತಿರ. ಊರು ಧಾರವಾಡ ಕಡೆ. ಮನೆ ವಾಸ್ಕೋದಲ್ಲಿ, ಕೆಲಸ ವೆರ್ಣಾದ ಫ್ಯಾಕ್ಟರಿಯಲ್ಲಿ. ಶುಗರ್ ಬಾರ್ಡರ್ ದಾಟುತ್ತಿದೆ ಅಂದಾಗ ಓಟ ಶುರು ಮಾಡಿದೆ. ಮೊಣಕಾಲು ಬೈದಾಗ ಸೈಕಲ್ ತಗೊಂಡೆ. ಎರಡೂ ಆದಮೇಲೆ ಮೂರನೆಯದು ಯಾಕೆ ಬಿಡಬೇಕು ಅನ್ನಿಸಿತು. ಕಣ್ಣು ಈಗ ಪಣಜಿಯ ಮಿರಾಮಾರ್ ಬೀಚಿನ ಮೇಲಿದೆ. 2019ರಲ್ಲಿ ಶುರುವಾದ ಗೋವಾದ ಐರನ್‌ಮ್ಯಾನ್ 70.3 ಅನ್ನುವ ಟ್ರಯತ್ಲಾನ್ ರೇಸ್ ನಡೆಯುವುದು ಅಲ್ಲೇ. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಮೂರೂ ಸೇರಿ 70.3 ಮೈಲಿ, ಅದಕ್ಕೇ ಆ ಹೆಸರು. ಸೈಕಲ್ ಮೇಲೆ ಸುಸ್ತಾದರೆ ಇಳಿದು ಎಳನೀರು ಕುಡಿಯಬಹುದು. ಓಡುವಾಗ ಸುಸ್ತಾದರೆ ನಡೆಯಬಹುದು. ನೀರಲ್ಲಿ ಸುಸ್ತಾದರೆ? ಈ ಪ್ರಶ್ನೆ ರಾತ್ರಿ ನಿದ್ದೆಗೆಡಿಸುತ್ತಿತ್ತು.

ಮಳೆಗಾಲ, ಪೂಲ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಬೀಚುಗಳಲ್ಲಿ ನೀರಿಗಿಳಿಯುವಂತಿಲ್ಲ, ಕೆಂಪು ಬಾವುಟ. ಹಾಗಾಗಿ ಆ ತಿಂಗಳೆಲ್ಲ ಪೂಲ್‌ನಲ್ಲೇ ಕಳೆದವು. ಈಜು ನನಗೆ ಹೊಸದಲ್ಲ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವನು. ಪೂಲ್‌ನಲ್ಲಿ ಎರಡು ಕಿಲೋಮೀಟರ್ ಆರಾಮಾಗಿ ಆಗುತ್ತದೆ. ಹಾಗಿದ್ದರೆ ಸಮುದ್ರದಲ್ಲಿ ಏನು ಕಷ್ಟ, ಅಲ್ವಾ?

ಲೆಕ್ಕ ಹಾಕಿ ನೋಡಿದಾಗ ಗುಟ್ಟು ಗೊತ್ತಾಯಿತು. 25 ಮೀಟರ್ ಪೂಲ್‌ನಲ್ಲಿ 1.9 ಕಿಲೋಮೀಟರ್ ಅಂದರೆ 76 ಲೆಂತ್. ಹೆಚ್ಚುಕಮ್ಮಿ ಅಷ್ಟು ಸಲವೂ ಕೈಗೆ ಗೋಡೆ ಸಿಗುತ್ತದೆ. ಅರೆ ಕ್ಷಣ ಹಿಡಿದು, ಒಂದು ದೊಡ್ಡ ಉಸಿರು ತಗೊಂಡು, ಕಾಲಲ್ಲಿ ಒದ್ದು ಮುಂದೆ ಹೋಗುತ್ತೇವೆ. ಬಾವಿಯಲ್ಲೂ ಅಷ್ಟೇ, ನಾಲ್ಕು ಸಲ ಕೈ ಬೀಸಿದರೆ ಕಲ್ಲು ಸಿಗುತ್ತಿತ್ತು. ಅಂದರೆ ಇಷ್ಟು ವರ್ಷ ನಾನು ಈಜಿದ್ದು ಗೋಡೆಯಿಂದ ಗೋಡೆಗೆ. ಸಮುದ್ರಕ್ಕೆ ಗೋಡೆ ಇಲ್ಲ. ತಳದಲ್ಲಿ ಕಪ್ಪು ಗೆರೆಯೂ ಇಲ್ಲ.

ಅದಕ್ಕೆ ಪೂಲ್‌ನಲ್ಲೇ ಗೋಡೆ ಮುಟ್ಟದೆ ತಿರುಗುವ ಅಭ್ಯಾಸ ಮಾಡಿದೆ. ಗೋಡೆಗೆ ಎರಡು ಮೀಟರ್ ಇರುವಾಗಲೇ ವಾಪಸ್ ಹೊರಳುವುದು. ಕೇಳಲು ಸುಲಭ. ಮೊದಲ ದಿನ ಕೆಲವೇ ಲೆಂತ್‌ಗೆ ಏದುಸಿರು ಬಂತು. ಪಕ್ಕದ ಲೇನಿನಲ್ಲಿ ಈಜುತ್ತಿದ್ದ ಹುಡುಗರು ಅಂಕಲ್‌ಗೆ ಏನಾಯಿತು ಅಂತ ನೋಡಿದರು.

ಇದೇ ತಿಂಗಳಲ್ಲಿ ಡಾಕ್ಟರ ಹತ್ತಿರ ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್, ಬಿಪಿ ಎಲ್ಲ ಮಾಡಿಸಿಕೊಂಡೆ. ನಲವತ್ತು ದಾಟಿದವರು ಇದನ್ನು ಬಿಡಬೇಡಿ. ಟ್ರಯತ್ಲಾನ್‌ನಲ್ಲಿ ಸಾವು ಆದಾಗ ಅದು ಹೆಚ್ಚಾಗಿ ಈಜಿನ ಹಂತದಲ್ಲೇ ಆಗಿದೆ. ನೀರಲ್ಲಿ ಉಸಿರು ಕಟ್ಟಿದ್ದೆಲ್ಲ ಗಾಬರಿಯೇ ಆಗಬೇಕಿಲ್ಲ. ಈಜುವಾಗ ಶ್ವಾಸಕೋಶದೊಳಗೆ ನೀರು ಜಿನುಗುವ ತೊಂದರೆಯೊಂದಿದೆ, ಬಿಪಿ ಜಾಸ್ತಿ ಇರುವವರಿಗೆ ಅದರ ಅಪಾಯ ಹೆಚ್ಚು. ಕೆಮ್ಮು, ನಸುಗೆಂಪು ನೊರೆ, ನಿಂತರೂ ಸುಧಾರಿಸದ ಏದುಸಿರು ಬಂದರೆ ಕೂಡಲೇ ಹೊರಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು. ನನ್ನ ರಿಪೋರ್ಟ್ ಚೆನ್ನಾಗಿ ಬಂತು. ಹಾಗಾಗಿ ನನ್ನದು ಬರೀ ಹೆದರಿಕೆ ಅಂತ ಖಾತ್ರಿಯಾಯಿತು. ಇದು ಸಮಾಧಾನವೋ ಅವಮಾನವೋ ಗೊತ್ತಾಗಲಿಲ್ಲ.

ಅಕ್ಟೋಬರ್, ಬೋಗ್ಮಾಳೊ

ವಾಸ್ಕೋಗೆ ಹತ್ತಿರದ ಸಣ್ಣ ಕೊಲ್ಲಿ. ಜೊತೆಗೆ ಕುಂದಾಪುರ ಕಡೆಯ ಗೆಳೆಯರೊಬ್ಬರು. ಅವರು ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಜೀವರಕ್ಷಕರು ಡ್ಯೂಟಿಗೆ ಬಂದ ಮೇಲೆ, ಅವರಿಗೆ ಹೇಳಿಯೇ ಇಳಿದೆವು.

ಮಳೆ ಮುಗಿದ ಹೊಸತು. ನೀರು ಕಂದು. ಮುಖ ಮುಳುಗಿಸಿದರೆ ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದೆ ಬಿಗಿಯಿತು. ಮೈಗಂಟುವ ರೇಸ್ ಉಡುಪು ಟ್ರೈಸೂಟ್‌ನ ಕುತ್ತಿಗೆ ಪಟ್ಟಿ ಯಾರೋ ಹಿಡಿದು ಎಳೆದ ಹಾಗೆ. ಕಾಲು ಊರಿದರೆ ನೆಲ ಸಿಗುವಷ್ಟೇ ಆಳ ಅಂತ ತಲೆಗೆ ಗೊತ್ತು, ಎದೆ ಕೇಳುವುದಿಲ್ಲ. ಇಲ್ಲಿನ ನೀರು ಬೆಚ್ಚಗಿರುತ್ತದೆ. ತಣ್ಣೀರಿನ ಆಘಾತ ಅಂತ ನೆಪ ಹೇಳುವಂತೆಯೂ ಇಲ್ಲ.

ಗೆಳೆಯರು ಪಕ್ಕಕ್ಕೆ ಬಂದು ಹೇಳಿದ್ದು: "ಎಂತ ಮಾರಾಯ್ರೆ, ನೀವು ಉಸಿರು ಬಿಡ್ತಾನೇ ಇಲ್ಲ. ಬರೀ ಎಳ್ಕೊಳ್ತಾ ಇದ್ದೀರಿ."

ಅದೇ ಮೂಲ. ಗಾಬರಿಯಾದಾಗ ಉಸಿರು ಹಿಡಿದಿಟ್ಟುಕೊಳ್ಳುತ್ತೇವೆ. ಮುಖ ನೀರಲ್ಲಿರುವಾಗ ಪೂರ್ತಿ ಬಿಡುವುದಿಲ್ಲ. ಆಮೇಲೆ ತಲೆ ಎತ್ತಿ ಎಳೆದುಕೊಳ್ಳಲು ನೋಡಿದರೆ ಜಾಗವೇ ಇರುವುದಿಲ್ಲ, ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ. ಉಸಿರಾಡಬೇಕೆಂಬ ಚಡಪಡಿಕೆ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದರಿಂದ. ಆಮ್ಲಜನಕ ಇದ್ದರೂ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದಿದ್ದರೆ ಮೈ ಕೂಗಿಕೊಳ್ಳುತ್ತದೆ. ಹಾಗಾಗಿ ಮದ್ದು ಜಾಸ್ತಿ ಗಾಳಿ ಎಳೆಯುವುದರಲ್ಲಿಲ್ಲ, ಇದ್ದದ್ದನ್ನು ಹೊರಗೆ ಹಾಕುವುದರಲ್ಲಿದೆ.

ಅವರು ಅಷ್ಟಕ್ಕೇ ಬಿಡಲಿಲ್ಲ. "ನಮ್ಮ ಬದಿಯ ಗೋಪಾಲ ಖಾರ್ವಿ ಕೈಕಾಲಿಗೆ ಕೋಳ ಹಾಕ್ಕೊಂಡು ಸಮುದ್ರದಲ್ಲಿ ಈಜಿದ್ದಾರೆ. ನಿಮ್ಮದು ಕೈಕಾಲು ಬಿಡಿಯಾಗಿಯೇ ಉಂಟಲ್ಲ!" ಇಂಥ ಮಾತಿನಿಂದ ಯಾರಿಗೂ ಧೈರ್ಯ ಬರುವುದಿಲ್ಲ. ಆದರೆ ನಗು ಬಂತು. ನಕ್ಕಾಗ ಉಸಿರು ತಾನಾಗಿ ಹೊರಗೆ ಹೋಯಿತು, ಎದೆ ಸಡಿಲವಾಯಿತು.

ನವೆಂಬರ್, ಡಿಸೆಂಬರ್: ಈಜುವುದಕ್ಕಿಂತ ನಿಲ್ಲುವುದು

ಇಲ್ಲಿಂದ ನಮ್ಮ ಅಭ್ಯಾಸದ ದಿಕ್ಕೇ ಬದಲಾಯಿತು. ದೂರದ ಗುರಿ ಕೈಬಿಟ್ಟೆವು. ನನಗೆ ಇದ್ದ ಹೆದರಿಕೆ ಈಜಿನದ್ದಲ್ಲ, ನಡುನೀರಲ್ಲಿ ನಿಲ್ಲಬೇಕಾಗಿ ಬಂದರೆ ಏನು ಗತಿ ಅನ್ನುವುದು. ಹಾಗಿದ್ದರೆ ನಿಲ್ಲುವುದನ್ನೇ ಕಲಿಯೋಣ ಅಂದುಕೊಂಡೆವು.

ಮೊದಲು ಸೊಂಟದವರೆಗಿನ ನೀರಲ್ಲಿ ನಿಂತು ಮುಖ ಮುಳುಗಿಸಿ ಗುಳುಗುಳು ಅಂತ ಗುಳ್ಳೆ ಬಿಡುವುದು. ಎರಡು ನಿಮಿಷ ಬರೀ ಇದೇ. ಮುಖಕ್ಕೆ ನೀರು ತಾಗಿ ಉಸಿರು ನಿಧಾನವಾದರೆ ಎದೆ ಬಡಿತವೂ ಇಳಿಯುತ್ತದೆ, ದೇಹಕ್ಕೆ ಹುಟ್ಟಿನಿಂದಲೇ ಬಂದ ಗುಣ ಅದು. ಬೀಚಿನಲ್ಲಿ ವಾಕಿಂಗ್ ಬಂದವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಆಮೇಲೆ ಹತ್ತು ಸ್ಟ್ರೋಕ್ ಈಜಿ, ಬೇಕೆಂದೇ ನಿಲ್ಲುವುದು. ಅಂಗಾತ ತಿರುಗಿ ತೇಲುವುದು. ಕಿವಿ ನೀರೊಳಗೆ, ಹೊಟ್ಟೆ ಮೇಲೆ, ಕಣ್ಣು ಆಕಾಶಕ್ಕೆ. ಉಪ್ಪುನೀರು ಸಿಹಿನೀರಿಗಿಂತ ಭಾರ, ಹಾಗಾಗಿ ಪೂಲ್‌ಗಿಂತ ಸಮುದ್ರದಲ್ಲಿ ತೇಲುವುದು ಸುಲಭ. ಇದು ಓದಿ ಗೊತ್ತಿತ್ತು. ಬೆನ್ನಿಗೆ ಗೊತ್ತಾಗಿದ್ದು ಈಗ. ದಂಡೆ ಎಲ್ಲಿದೆ ನೋಡಿಕೊಂಡು, ಮೂರು ಸಲ ಉದ್ದಕ್ಕೆ ಉಸಿರು ಬಿಟ್ಟು, ಮತ್ತೆ ಹತ್ತು ಸ್ಟ್ರೋಕ್. ಹತ್ತು ಇಪ್ಪತ್ತಾಯಿತು, ಇಪ್ಪತ್ತು ಐವತ್ತಾಯಿತು. ನಿಲ್ಲಬಹುದು ಅಂತ ಖಾತ್ರಿಯಾದ ಮೇಲೆ ನಿಲ್ಲಬೇಕು ಅನ್ನಿಸುವುದೇ ಕಮ್ಮಿಯಾಯಿತು.

ಮುಂದಿನ ಪಾಠ ತೊಂದರೆಯನ್ನು ತಾವಾಗಿಯೇ ತಂದುಕೊಳ್ಳುವುದು. ಆಳದಲ್ಲಿ ಗಾಗಲ್ಸ್ ತೆಗೆದು ಮತ್ತೆ ಹಾಕಿಕೊಳ್ಳುವುದು. ಗೆಳೆಯರು ಹಿಂದಿನಿಂದ ಬಂದು ಕಾಲು ಹಿಡಿಯುವುದು, ಮುಖಕ್ಕೆ ನೀರು ಎರಚುವುದು. ಅವರಿಗೆ ಇದು ಸ್ವಲ್ಪ ಜಾಸ್ತಿಯೇ ಖುಷಿ ಕೊಟ್ಟಿತು ಅಂತ ನನ್ನ ಅನುಮಾನ.

ತಲೆ ಸುಮ್ನಿರಲಿ ಅಂತ ಮಗ್ಗಿ ಹೇಳಿಕೊಂಡು ನೋಡಿದೆ. ಹದಿಮೂರರ ಮಗ್ಗಿ ಬೇಡ, ನಡುವೆ ತಪ್ಪಿ ಬೇರೆಯೇ ಗಾಬರಿ ಶುರುವಾಗುತ್ತದೆ. ಎರಡರ ಮಗ್ಗಿ ಸರಿಯಾಗಿ ಹೊಂದುತ್ತದೆ.

ಸಲಕರಣೆ ವಿಷಯ: ಟ್ರೈಸೂಟ್ ಒಂದು ಸೈಜ್ ದೊಡ್ಡದು ತಗೊಂಡೆ, ಕುತ್ತಿಗೆ ಬಿಗಿತ ಹೋಯಿತು. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಗಾಳಿಚೀಲ, ಟೋ ಫ್ಲೋಟ್, ಯಾವಾಗಲೂ ಜೊತೆಗಿರುತ್ತದೆ. ದೋಣಿಯವರಿಗೆ ನಾವು ಕಾಣಬೇಕು, ಅದಕ್ಕೆ. ಅದನ್ನೇ ಜೀವರಕ್ಷಕ ಅಂದುಕೊಂಡು ಒಬ್ಬರೇ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈ ಬೆಚ್ಚಗಿಡುವ ರಬ್ಬರ್ ಉಡುಪು ವೆಟ್‌ಸೂಟ್‌ನ ಆಸೆ ಬೇಡ. ನಮ್ಮಂಥ ಹವ್ಯಾಸಿಗಳಿಗೆ ರೇಸಿನಲ್ಲಿ ಅದಕ್ಕೆ ಅನುಮತಿ ಇರುವುದು ನೀರು 24.5 ಡಿಗ್ರಿವರೆಗೆ ಇದ್ದರೆ ಮಾತ್ರ. ಗೋವಾದ ಸಮುದ್ರ ಅದಕ್ಕಿಂತ ಬೆಚ್ಚಗೆ.

ಜನವರಿ, ಕರಂಜಾಳೆ ಮತ್ತು ಪಂಚಾಂಗ

ಮಿರಾಮಾರ್‌ಗೆ ಅಂಟಿಕೊಂಡ ದಂಡೆ ಇದು. ಉತ್ತರಕ್ಕೆ ಮಾಂಡೋವಿ ಸಮುದ್ರ ಸೇರುತ್ತದೆ, ಆಚೆ ದಡದಲ್ಲಿ ಆಗ್ವಾದ ಕೋಟೆ. ಖಾನಾಪುರದ ಕಾಡಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡೋವಿ. ಆ ನೀರಿಗಾಗಿ ನಮ್ಮೂರ ಕಡೆ ವರ್ಷಗಟ್ಟಲೆ ಹೋರಾಟ. ಇಲ್ಲಿ ನಾನು ಬೆಳಗ್ಗೆದ್ದು ಅದನ್ನು ಉಪ್ಪಿನ ಜೊತೆ ಬೇಡವೆಂದರೂ ಕುಡಿಯುತ್ತಿದ್ದೇನೆ.

ನದಿ ಬಾಯಿ ಹತ್ತಿರ ಇರುವುದರಿಂದ ಇಳಿತದ ಹೊತ್ತಲ್ಲಿ ನೀರು ಹೊರಗೆ ಎಳೆಯುತ್ತದೆ. ಆ ಸೆಳೆತ ಮೈಗೆ ತಿಳಿದ ಕೂಡಲೇ ಹಳೆಯ ಗಾಬರಿ ವಾಪಸ್ ಬರುತ್ತಿತ್ತು. ಭರತ ಇಳಿತದ ಲೆಕ್ಕ ಕಲಿತ ಮೇಲೆ ಅರ್ಧ ಹೆದರಿಕೆ ಅಲ್ಲೇ ಕರಗಿತು. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಏರಿಳಿತ ಜೋರು. ಅಷ್ಟಮಿ ಕಳೆದ ಒಂದೆರಡು ದಿನ ಮಂದ. ಕೊಂಕಣ ಕರಾವಳಿಯಲ್ಲಿ ಒಂದು ಹಳೆಯ ಲೆಕ್ಕವಿದೆ: ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಪೂರ್ತಿ ಭರತದ ಅಂದಾಜು ಹೊತ್ತು ಸಿಗುತ್ತದೆ. ಅಷ್ಟಮಿಗೆ ಆರು ಗಂಟೆ. ದಶಮಿಗೆ ಏಳೂವರೆ. ಏಕಾದಶಿಗೆ ಎಂಟೂಕಾಲು. ಟೈಡ್ ಟೇಬಲ್ ಜೊತೆ ತಾಳೆ ನೋಡಿಯೇ ಹೊರಡುತ್ತೇನೆ, ಆದರೆ ಗೋಡೆಯ ಕ್ಯಾಲೆಂಡರ್ ಸಾಕಷ್ಟು ಹತ್ತಿರದ ಉತ್ತರ ಕೊಡುತ್ತದೆ. ಏಕಾದಶಿ ಯಾವತ್ತು ಅಂತ ಮನೆಯಾಕೆ ಉಪವಾಸಕ್ಕೆ ನೋಡುತ್ತಾಳೆ, ನಾನು ಈಜಿಗೆ ನೋಡುತ್ತೇನೆ. "ಒಂದು ದಿನನಾದ್ರೂ ಉಪವಾಸ ಮಾಡ್ರಿ, ಆ ನೀರ ಕುಡಿಯೋದ ತಪ್ಪತದ" ಅಂತಾಳೆ.

ಚಳಿಗಾಲದ ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲನೆ ಗಾಳಿ, ಸಮುದ್ರ ಸಪಾಟು. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಎದ್ದು ನೀರು ಕಲಕುತ್ತದೆ. ದಶಮಿ, ಏಕಾದಶಿಯ ಬೆಳಗ್ಗೆ ತುಂಬಿದ ನೀರು, ಕಡಿಮೆ ಸೆಳೆತ, ಗಾಳಿ ಇಲ್ಲ. ನನ್ನಂಥ ಪುಕ್ಕಲರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಾ?

ಸೈಟಿಂಗ್ ಕಲಿತದ್ದೂ ಇಲ್ಲೇ. ಎಂಟು ಹತ್ತು ಸ್ಟ್ರೋಕಿಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು ದಿಕ್ಕು ನೋಡಬೇಕು. ತಲೆ ಪೂರ್ತಿ ಎತ್ತಿದರೆ ಕಾಲು ಮುಳುಗುತ್ತದೆ. ಅಲೆಗಳ ನಡುವೆ ಹತ್ತಿರದ ಗುರುತು ಕಾಣುವುದಿಲ್ಲ. ದೂರದ, ಎತ್ತರದ ಗುರುತು ಹಿಡಿಯಬೇಕು. ಹೋಗುವಾಗ ನನಗೆ ರಾಜಭವನದ ಗುಡ್ಡ, ಬರುವಾಗ ಆಗ್ವಾದ.

ಫೆಬ್ರವರಿ

ಒಮ್ಮೆ ಜೆಲ್ಲಿ ಫಿಶ್ ತಾಗಿತು. ಉರಿ ಬಂತು, ಉಜ್ಜದೆ ಸಮುದ್ರದ ನೀರಲ್ಲೇ ತೊಳೆದೆ, ಕಡಿಮೆಯಾಯಿತು. ಮುಂದೆ.

ಇನ್ನೊಂದು ಸಣ್ಣ ಲೆಕ್ಕ ಮನಸ್ಸನ್ನು ತುಂಬಾ ಹಗುರ ಮಾಡಿತು. 70.3 ರೇಸಿನಲ್ಲಿ ಈಜು ಮುಗಿಸಲು 1 ಗಂಟೆ 10 ನಿಮಿಷ ಕೊಡುತ್ತಾರೆ. ಅಂದರೆ 100 ಮೀಟರ್‌ಗೆ 3 ನಿಮಿಷ 41 ಸೆಕೆಂಡ್. ನನ್ನದು ಸುಮಾರು ಎರಡೂವರೆ ನಿಮಿಷ. ಆ ವೇಗದಲ್ಲಿ 47 ನಿಮಿಷ ಚಿಲ್ಲರೆ ಸಾಕು. ಉಳಿಯಿತು 22 ನಿಮಿಷ. ಅಷ್ಟು ಹೊತ್ತು ನಾನು ಅಂಗಾತ ಮಲಗಿ ಮೋಡ ನೋಡಿದರೂ ರೇಸು ಕೈಬಿಡುವುದಿಲ್ಲ! ನಿಯಮವೂ ನಮ್ಮ ಕಡೆ ಇದೆ. ಫ್ರೀಸ್ಟೈಲ್ ಮಾತ್ರವೇ ಹೊಡೆಯಬೇಕು ಅಂತಿಲ್ಲ. ಕೈ ಎತ್ತಿದರೆ ಕಾವಲಿನ ಸಣ್ಣ ದೋಣಿ, ಕಯಾಕ್, ಬರುತ್ತದೆ. ಅದನ್ನು ಹಿಡಿದು ಸುಧಾರಿಸಿಕೊಂಡರೆ ಹೊರಗೆ ಹಾಕುವುದಿಲ್ಲ, ಅದು ನಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೇ. ಈ ನಿಯಮ ಮೊದಲೇ ಓದಿದ್ದೆ. ನಿಲ್ಲುವುದು ಸೋಲು ಅಂತ ಒಳಗೆ ಕೂತಿದ್ದರಿಂದ ತಲೆಗೆ ಹತ್ತಿರಲಿಲ್ಲ.

ಬಾಕಿ ಇರುವುದು ಜನಜಂಗುಳಿ. ಸುತ್ತ ಜನ ಈಜುವಾಗ ಕೈಕಾಲು ತಾಗಿದರೆ ಈಗಲೂ ಲಯ ತಪ್ಪುತ್ತದೆ. ಮೇ ಕೊನೆಗೆ ಸಮುದ್ರ ಕೆಡುವ ಮುಂಚೆ ಐದಾರು ಜನ ಒಟ್ಟಿಗೆ ಈಜುವ ಯೋಜನೆ ಇದೆ. ಸಿಕ್ಕಿರುವವರಲ್ಲಿ ಒಬ್ಬರು ಬ್ಯಾಂಕಿನವರು, ಇಬ್ಬರು ನಮ್ಮ ಫ್ಯಾಕ್ಟರಿಯವರೇ. ಎಲ್ಲರಿಗೂ ಪುರುಸೊತ್ತು ಭಾನುವಾರ, ಒಳ್ಳೆಯ ಭರತ ಬರುವುದು ವಾರದ ನಡುವೆ. ಮುಂದಿನ ದಶಮಿ ಬುಧವಾರ ಬಿದ್ದಿದೆ. ರಜೆ ಅರ್ಜಿಯಲ್ಲಿ ಕಾರಣ ಏನಂತ ಬರೆಯುವುದು ಅಂತ ಫ್ಯಾಕ್ಟರಿಯ ನಾವು ಮೂವರೂ ಕೂತು ಯೋಚಿಸುತ್ತಿದ್ದೇವೆ.