ಹಲಸಿನ ಬುಡದಲ್ಲಿ ಗುಂಡಿ ಏಕಿರಲಿಲ್ಲ

ಸೋಮವಾರದ ಗಾಳಿಗೆ ಸೊಂಟ ಮುರಿದುಕೊಂಡು ಬಿದ್ದ ಹಲಸಿನ ಮರವನ್ನು ನಿನ್ನೆ ಲಾರಿಗೆ ಹೇರಿಸಿದೆವು. ವೇಬ್ರಿಡ್ಜ್ ಚೀಟಿಯಲ್ಲಿ 3,120 ಕಿಲೋ. ವ್ಯಾಪಾರಿ ಅದರಲ್ಲೂ ತೊಗಟೆಯ ಲೆಕ್ಕವೆಂದು 120 ಕಿಲೋ ಮುರಿದುಕೊಂಡ. ಆ ಮನುಷ್ಯನ ಸುದ್ದಿ ಬೇಡ.

ಚೀಟಿ ಓದಿದ ತಂಗಿಯ ಮಗಳು, ಒಂಬತ್ತು ವರ್ಷದವಳು, ಕೇಳಿದಳು: "ಇಷ್ಟು ಭಾರ ಎಲ್ಲಿಂದ ಬಂತು?"

"ಮಣ್ಣಿನಿಂದ."

"ಹಾಗಾದರೆ ಬುಡದಲ್ಲಿ ಗುಂಡಿ ಬೀಳಬೇಕಿತ್ತಲ್ಲ?"

ಗೊಬ್ಬರ, ಬೇರು, ಸಾರ ಎಂದು ಏನೇನೋ ತೊದಲಿದೆ. ದೊಡ್ಡಪ್ಪ ಎಲೆಯಡಿಕೆ ಬಾಯಿಗಿಟ್ಟರು. ಉತ್ತರ ತಿಳಿಯದಾಗಲೆಲ್ಲ ಅವರ ಬಾಯಿ ತುಂಬಿರುತ್ತದೆ. ರಾತ್ರಿ ಮಲಗಿದರೂ ಅದೇ ಮಾತು: ಗುಂಡಿ ಬೀಳಬೇಕಿತ್ತಲ್ಲ?

ದ್ಯುತಿಸಂಶ್ಲೇಷಣೆಯನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವನು ನಾನು. ಆದರೂ ಮರವೆಂದರೆ ಬಹುಪಾಲು ಗಾಳಿ ಮತ್ತು ನೀರು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಣಗಿ ಉಳಿದದ್ದರಲ್ಲಿ ಅರ್ಧದಷ್ಟು ಇಂಗಾಲ. ನಮ್ಮ ಹಲಸಿನಲ್ಲಿ ಅದು 750 ಕಿಲೋ ಆಸುಪಾಸು, ಎಲೆಗಳು ಗಾಳಿಯಿಂದ ಹೆಕ್ಕಿದ್ದು. ಆ ಗಾಳಿಯಲ್ಲೋ, ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಈಗಲೂ ನಾಲ್ಕಕ್ಕೆ ತುಸು ಹೆಚ್ಚು. ಅಜ್ಜ ಸಸಿ ನೆಟ್ಟಾಗ ಇನ್ನೂ ಕಡಿಮೆ. ಭತ್ತದ ರಾಶಿಯಲ್ಲಿ ಸಾಸಿವೆ ಹುಡುಕುವ ಕೆಲಸ.

ನನಗಿಂತ ದೊಡ್ಡವರೂ ಎಡವಿದ್ದಾರೆ. ಬ್ರಸೆಲ್ಸ್‌ನ ವೈದ್ಯ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಐದು ವರ್ಷ ನೀರುಣಿಸಿದ. ಗಿಡ 169 ಪೌಂಡ್ ದಾಟಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಎಲ್ಲ ನೀರೇ ಎಂದುಬಿಟ್ಟ. ಅವನು ಸತ್ತ ಮೇಲೆ, 1648ರಲ್ಲಿ, ಈ ಲೆಕ್ಕ ಅಚ್ಚಾಯಿತು. 62 ಪೌಂಡ್ ಇದ್ದಿಲು ಸುಟ್ಟರೆ ಒಂದೇ ಪೌಂಡ್ ಬೂದಿ ಉಳಿಯುತ್ತದೆಂದು ಕಂಡು, ಹಾರಿಹೋದದ್ದನ್ನು 'ಗ್ಯಾಸ್' ಎಂದು ಕರೆದವನೂ ಅವನೇ! ಕಳ್ಳನಿಗೆ ನಾಮಕರಣ ಮಾಡಿದ, ಹಿಡಿಯಲಿಲ್ಲ.

ಅಪ್ಪನನ್ನು ಸುಟ್ಟದ್ದು ಇದೇ ತೋಟದ ಕೆಳಗೆ. ಸಂಚಯನದ ದಿನ ಸಿಕ್ಕಿದ್ದು ಒಂದು ಕುಡಿಕೆಯಷ್ಟು. ಎಪ್ಪತ್ತು ಕಿಲೋ ತೂಗುತ್ತಿದ್ದವರು ಎಲ್ಲಿ ಹೋದರೆಂದು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹೊಗೆಯನ್ನು ಈ ಹಲಸೇ ಕುಡಿಯಿತೆಂದು ಬರೆಯುವ ಆಸೆಯೇನೋ ಇದೆ. ಆದರೆ ಗಾಳಿ ಅಷ್ಟು ಹೊತ್ತು ಒಂದು ತೋಟದಲ್ಲಿ ಕೂರುವುದಿಲ್ಲ. ಯಾವ ಊರಿನ ಯಾವ ಹುಲ್ಲಿಗೆ ಸಿಕ್ಕಿತೋ.

ಇಂದು ಬೆಳಿಗ್ಗೆ ಹೋದ ವರ್ಷ ಸವರಿದ್ದ ಅದೇ ಮರದ ಒಣಕೊಂಬೆಗಳನ್ನು ಬಚ್ಚಲೊಲೆಗೆ ತುಂಬಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಂದು ಹೊರೆ ಸುಟ್ಟು ಉಳಿದ ಬೂದಿ ಒಂದು ಗೆರಟೆ. "ಮಣ್ಣು ಕೊಟ್ಟದ್ದು ಇಷ್ಟೇ," ಎಂದೆ. ಅವಳು ಮಾತಾಡದೆ ಗೆರಟೆ ಎತ್ತಿಕೊಂಡು ಹೋಗಿ ಹಲಸಿನ ಬೊಡ್ಡೆಯ ಸುತ್ತ ಸುರಿದು ಬಂದಳು.

"ಗುಂಡಿ ಮುಚ್ಚಿದೆ."

ಬೂದಿ ತೆಂಗಿಗೆ ಬೇಕಿತ್ತು ಎಂದು ದೊಡ್ಡಪ್ಪ ಇನ್ನೂ ಗೊಣಗುತ್ತಿದ್ದಾರೆ.