ಅಜ್ಜಾ, ನಗು

ಹೋದ ಭಾನುವಾರ ಊರಿಗೆ ವಿಡಿಯೊ ಕಾಲ್ ಹಚ್ಚಿದ್ದೆ. ಅಪ್ಪ ಕಟ್ಟೆ ಮೇಲೆ ಕೂತಿದ್ದ. ನನ್ನ ಎಂಟು ವರ್ಷದ ಮಗಳು ಫೋನ್ ಕಸಿದುಕೊಂಡು, ಊಟ ಆಯ್ತಾ ಅಂತಲೂ ಕೇಳದೆ, "ಅಜ್ಜಾ, ನಗು" ಅಂದಳು. ಅಪ್ಪ ನಕ್ಕ. "ಈಗ ಎರಡೂ ಕೈ ಎತ್ತು." ಎಡಗೈ ಎದ್ದಿತು, ಬಲಗೈ ತೊಡೆ ಮೇಲೇ ಉಳಿಯಿತು. ಅವಳು ಫೋನ್ ಸೋಫಾ ಮೇಲೆ ಬಿಸಾಕಿ ಅಡುಗೆಮನೆಗೆ ಓಡಿ ಬಂದಳು. "ಅಪ್ಪಾ, ಅಜ್ಜಂಗೆ ಸ್ಟ್ರೋಕ್ ಆಗ್ತಾ ಇದೆ! 999ಕ್ಕೆ ಫೋನ್ ಮಾಡು!"

ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅವಳ ಶಾಲೆಯಲ್ಲಿ ಆ ವಾರ ಹೇಳಿಕೊಟ್ಟಿದ್ದಾರೆ. ಮುಖ ಸೊಟ್ಟ ಆಯ್ತಾ, ಕೈ ಏಳ್ತಾ ಇಲ್ವಾ, ಮಾತು ತೊದಲುತ್ತಾ, ಒಂದಿದ್ರೂ ತಡ ಮಾಡಬೇಡಿ ಅಂತ. ನನಗೆ ಮೊದಲು ನಗು ಬಂತು. ಲೀಡ್ಸಿನ ಆಂಬುಲೆನ್ಸು ಕಾರಟಗಿಗೆ ಹೋಗುತ್ತಾ? ಇದು ಈಗ ಆಗಿದ್ದಲ್ಲ ಪುಟ್ಟಾ, ನೀನು ಸಣ್ಣವಳಿದ್ದಾಗಲೇ ಆಗಿದ್ದು ಅಂತ ಸಮಾಧಾನ ಮಾಡಿದೆ. ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಹಂಗಾದ್ರೆ ಅವತ್ತು ಅಜ್ಜಂಗೆ ನಗು ಅಂತ ಯಾರೂ ಹೇಳಲಿಲ್ವಾ?"

ಯಾರೂ ಹೇಳಲಿಲ್ಲ.

2024ರ ಆಗಸ್ಟ್. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವಾರ. ನಾಟಿ ಮಾಡಿದ ನೆಲ್ಲಿಗೆ (ಭತ್ತಕ್ಕೆ) ನೀರು ಸಿಗುತ್ತೋ ಇಲ್ಲವೋ ಅಂತ ಊರಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಬೆಳಿಗ್ಗೆ ಆರೂವರೆಗೆ ಅಪ್ಪನ ಕೈಯಿಂದ ಚೊಂಬು ಜಾರಿ ಬಿತ್ತು. ಮಾತು ಬಾಯಲ್ಲೇ ಕಲಸಿಹೋಯಿತು. ಚಿಂತಿ ಮಾಡಿ ಪಿತ್ತ ಆಗೇದ, ಮಲಗಲಿ ಬಿಡು ಅಂತ ಅವ್ವ ಸಕ್ಕರೆ ನೀರು ಕುಡಿಸಿದಳು (ನುಂಗೋಕೆ ಬರದವರಿಗೆ ಅದು ಶ್ವಾಸಕೋಶಕ್ಕೇ ಇಳಿಯಬಹುದು, ಅದೂ ಆಮೇಲೆ ಗೊತ್ತಾಗಿದ್ದು). ಪಕ್ಕದ ಮನೆಯ ಹಿರಿಯರು ಲಕ್ವಾ ಇರಬೇಕು, ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಇಳಿಯುತ್ತೆ ಅಂದರಂತೆ. 108 ಯಾರಿಗೂ ನೆನಪಾಗಲಿಲ್ಲ. ನಮ್ಮ ತಲೆಯಲ್ಲಿ ಅದು ಬಾಣಂತಿಯರಿಗೆ, ಬೈಕಿನಿಂದ ಬಿದ್ದವರಿಗೆ. ಕೊನೆಗೆ ತಮ್ಮ, "ಅಣ್ಣನ್ನ ಕೇಳೂಣು ತಡೀರಿ" ಅಂದ.

ಅಣ್ಣ ಅಂದರೆ ನಾನು. ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಬರೆಯುವವನು. ಆದರೂ ಎಮ್ಮೆ ಮಾರೋದಿರಲಿ, ಮದುವೆ ಮಾತಿರಲಿ, ನನ್ನನ್ನು ಕೇಳದೆ ಏನೂ ನಡೆಯಲ್ಲ. ಅದು ನನಗೆ ಇಷ್ಟವೂ ಆಗಿತ್ತು, ಸುಳ್ಳು ಯಾಕೆ. ನಾನು ಫೋನ್ ಸೈಲೆಂಟಲ್ಲಿಟ್ಟು ಮಲಗಿದ್ದೆ. ಎದ್ದಾಗ ಒಂಬತ್ತು ಮಿಸ್ಡ್ ಕಾಲ್. ನನಗೆ ಆರೂವರೆ, ಊರಲ್ಲಿ ಹನ್ನೊಂದು.

ಮಗಳು ಕೇಳಿದ ರಾತ್ರಿ ಕೂತು ಓದಿದೆ, ಇಷ್ಟು ದಿನ ಬೇಕಂತಲೇ ಓದಿರಲಿಲ್ಲ. ಮೆದುಳು ಮೈತೂಕದಲ್ಲಿ ಶೇಕಡಾ 2ರಷ್ಟು, ಆದರೆ ಮೈಗೆ ಬೇಕಾದ ಆಮ್ಲಜನಕದಲ್ಲಿ ಶೇಕಡಾ 20ರಷ್ಟು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳೋ ಚೀಲ ಅದರ ಹತ್ತಿರ ಇಲ್ಲ. ರಕ್ತ ಬರೋದು ನಿಂತರೆ ನರಕೋಶದ ಹೊರಪೊರೆಯ ಪಂಪು ನಿಲ್ಲುತ್ತೆ. ಹೊರಗೆ ಹಾಕಬೇಕಿದ್ದ ಸೋಡಿಯಂ ಒಳಗೆ ನುಗ್ಗುತ್ತೆ, ಅದರ ಹಿಂದೆ ನೀರು, ಕೋಶ ಉಬ್ಬುತ್ತೆ. ಸಾಯೋ ಕೋಶ ಸುಮ್ನೆ ಸಾಯಲ್ಲ, ಗ್ಲುಟಮೇಟ್ ಅನ್ನೋ ರಾಸಾಯನಿಕವನ್ನು ಪಕ್ಕದವರ ಮೇಲೆ ಚೆಲ್ಲಿ ಹೋಗುತ್ತೆ. ಅದರಿಂದ ಪಕ್ಕದ ಕೋಶಗಳಿಗೆ ಕ್ಯಾಲ್ಸಿಯಂ ಜಾಸ್ತಿ ನುಗ್ಗಿ, ಅವು ತಮ್ಮನ್ನು ತಾವೇ ತಿನ್ನೋಕೆ ಶುರು ಮಾಡುತ್ತವೆ.

ಕಾಲುವೆ ಕೆಳಗೆ ಬೆಳೆದವನಿಗೆ ಇದು ಬೇಗ ತಿಳಿಯಿತು. ತೂಬು ಕಟ್ಟಿಕೊಂಡರೆ ಅದನ್ನೇ ನಂಬಿದ ನಡುಗದ್ದೆ ಮೊದಲು ಒಣಗುತ್ತೆ, ಮೆದುಳಲ್ಲಿ ಅದಕ್ಕೆ ನಿಮಿಷಗಳು ಸಾಕು. ಸುತ್ತಲಿನ ಗದ್ದೆಗಳಿಗೆ ಬೇರೆ ಬದುವಿನಿಂದ ಒಂದಿಷ್ಟು ಬಸಿ ನೀರು ಬರುತ್ತಾ ಇರುತ್ತೆ. ಪೈರು ಬಾಡಿರುತ್ತೆ, ಸತ್ತಿರಲ್ಲ. ಮೆದುಳಿನ ಆ ಬಾಡಿದ ಪಟ್ಟಿಗೆ ಪೆನಂಬ್ರಾ ಅಂತಾರೆ. ಕೈ ಏಳಲ್ಲ, ಮಾತು ಬರಲ್ಲ, ಆದರೂ ಜೀವ ಇರುತ್ತೆ. ಇಡೀ ಓಡಾಟ ಅದನ್ನು ಉಳಿಸೋಕೆ.

ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಲೇಬೇಕು. ತೂಬು ಕಟ್ಟಿದೆಯೋ ಬದುವೇ ಒಡೆದು ರಕ್ತ ಹರಿದಿದೆಯೋ ಮುಖ ನೋಡಿ ಹೇಳೋಕಾಗಲ್ಲ, ಒಡೆದಿದ್ದರೆ ಆ ಇಂಜೆಕ್ಷನ್ನೇ ಕೊಲ್ಲಬಹುದು. ಕೆಲವರಿಗೆ ದೊಡ್ಡ ನಾಳದಿಂದ ಹೆಪ್ಪನ್ನು ತಂತಿ ಹಾಕಿ ಎಳೆದು ತೆಗೀತಾರೆ, ಅದು 24 ತಾಸಿನವರೆಗೂ ಆಗಬಹುದು.

ಬೇಸಿಗೆಯಲ್ಲಿ ಲೀಡ್ಸಿಗೂ ನಮ್ಮೂರಿಗೂ ಇರೋ ಅಂತರವೂ ನಾಲ್ಕೂವರೆ ತಾಸೇ.

ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಇದೆ. ಗುಣಿಸಬಾರದಿತ್ತು, ಆ ನಾಲ್ಕೂವರೆ ತಾಸಿಗೆ ಗುಣಿಸಿದೆ. 51 ಕೋಟಿ. ಅಪ್ಪನದು ಅಷ್ಟು ದೊಡ್ಡ ನಾಳ ಅಲ್ಲ ಅಂತ ಹೇಳಿಕೊಂಡು ಮಲಗಿದೆ.

ಅವತ್ತು ನಾನು ಎದ್ದು ಕೂಗಾಡಿದ ಮೇಲೆ ಗಾಡಿ ಹೊರಟಿತು. ದಾರಿಯಲ್ಲಿ ಒಂದು ಕಡೆ ಬಾಟ್ಲಿ ಹಚ್ಚಿ ಕೂರಿಸಿದರು, ಬಳ್ಳಾರಿ ಮುಟ್ಟಿ ಸ್ಕ್ಯಾನ್ ಆಗೋವಷ್ಟರಲ್ಲಿ ಮಧ್ಯಾಹ್ನ ಮೂರು. ಇಲ್ಲೇನು ಎಲ್ಲಾ ಸ್ವರ್ಗ ಅಂತಲ್ಲ, ಆಂಬುಲೆನ್ಸ್ ತಡ ಆಯ್ತು ಅನ್ನೋ ದೂರು ಇಲ್ಲಿನ ಪೇಪರಲ್ಲೂ ಬರುತ್ತಲೇ ಇರುತ್ತೆ. ಆದರೆ ಎಂಟು ವರ್ಷದ ಹುಡುಗಿ ಇಲ್ಲಿ ಯಾರನ್ನೂ ಕೇಳೋಕೆ ಕಾಯಲ್ಲ. ನಮ್ಮ ಮನೆಯಲ್ಲಿ ನಾಲ್ಕು ಜನ ದೊಡ್ಡವರಿದ್ದರು.

ಸತ್ತ ಕೋಶ ವಾಪಸ್ ಬರಲ್ಲ. ಉಳಿದವು ಸ್ವಲ್ಪ ಸ್ವಲ್ಪ ಆ ಕೆಲಸ ಕಲಿಯುತ್ತವೆ, ಅದಕ್ಕೇ ದಿನಾ ಫಿಸಿಯೋಥೆರಪಿ. ಏಟು ಎಡ ಮೆದುಳಿಗೆ, ಹಾಗಾಗಿ ಹೋಗಿದ್ದು ಬಲಗೈ ಮತ್ತು ಮಾತು. ಅಪ್ಪ ನೀರು ಬೇಕಾದರೆ "ಗದ್ದಿ" ಅಂತಾನೆ. ತಪ್ಪಾಯ್ತು ಅಂತ ಅವನಿಗೂ ಗೊತ್ತಾಗುತ್ತೆ, ಸಿಟ್ಟಾಗ್ತಾನೆ. ಆದರೆ ಬಾಯಿಪಾಠ ಆಗಿರೋದು ಎಷ್ಟೋ ಸಲ ಉಳಿದಿರುತ್ತೆ. ನಿನ್ನೆ ಕಾಲ್‌ನಲ್ಲಿ ಬಲಗೈ ಬೆರಳನ್ನು ಎಡಗೈಯಿಂದ ಒಂದೊಂದಾಗಿ ಮಡಿಚುತ್ತಾ ಎಣಿಸಿದ, ಎಲ್ಲೂ ತೊದಲದೆ: "ಲಾಭ, ಎರಡು, ಮೂರು, ನಾಕು..."

ಮಗಳು ನನ್ನ ಕಿವಿಯಲ್ಲಿ, "ಪಾಪ, ಅಜ್ಜ ಒಂದನ್ನು ಮರೆತುಬಿಟ್ಟಿದ್ದಾನೆ" ಅಂದಳು.

ಮರೆತಿಲ್ಲವ್ವಾ, ನೆಲ್ಲು ಅಳೆಯುವಾಗ ನಮ್ಮಲ್ಲಿ ಒಂದು ಅನ್ನಲ್ಲ, ಲಾಭ ಅಂತಾರೆ ಅಂದೆ. ಈಗ ಮನೆ ಮೆಟ್ಟಿಲನ್ನು ಹಾಗೇ ಎಣಿಸಿಕೊಂಡು ಹತ್ತುತ್ತಾಳೆ.